ವೀರೇಶನ ಹೆಸರಿನಲ್ಲಿ ನಾನು ತುಂಬಿದ ಫಾರ್ಮು

ಕಾಕಾ, ಆ ಫಾರ್ಮು ತುಂಬಿದ್ದು ವೀರೇಶ ಅಲ್ಲ. ನಾನು. ನಲವತ್ತೈದು ದಿನದ ಅನುಭವವಿದೆ ಅಂತ ಅದರಲ್ಲಿ ಬರೆದದ್ದು ನಾನು, ಕೆಳಗೆ ಅವನ ಹೆಸರನ್ನು ಟೈಪು ಮಾಡಿದ್ದೂ ನಾನು. ಹದಿನೇಳು ವರ್ಷದಿಂದ ನೀವು ನಿಮ್ಮ ಮಗ ಸುಳ್ಳು ಬರೆದು ಸತ್ತ ಅಂತ ತಿಳಿದು ಬದುಕಿದ್ದೀರಿ. ಅವನು ಬರೆಯಲಿಲ್ಲ. ಬರೆದವಳು ನಿಮ್ಮ ಮಲ್ಕಾಜ್‌ಗಿರಿ ಮನೆಯಲ್ಲಿ ಕೂತು, ಕಾಕು ಮಾಡಿಕೊಟ್ಟ ಸೂಸಲ ತಿಂದು, ನಿಮ್ಮ ಕಣ್ಣು ತಪ್ಪಿಸಿ ಎದ್ದು ಹೋದ ಈ ಸುಧಾ.

ಇಷ್ಟನ್ನು ಬರೆಯಲು ನಾಲ್ಕು ಹಾಳೆ ಹರಿದೆ. ಪ್ರತಿ ಸಲವೂ ಮೊದಲು ಪೀಠಿಕೆ, ಆಮೇಲೆ ನನ್ನ ಕಷ್ಟ, ಕೊನೆಗೆಲ್ಲೋ ಒಂದು ಮೂಲೆಯಲ್ಲಿ ಸತ್ಯ — ಹಾಗೆ ಬರುತ್ತಿತ್ತು. ಮಾತಿಗೆ ಬಣ್ಣ ಹಚ್ಚುವುದು ನನಗೆ ಹೊಟ್ಟೆಪಾಡಿನಿಂದ ಬಂದ ಚಾಳಿ. ಅದನ್ನು ಮೊದಲು ಹೇಳಬೇಕು, ಯಾಕೆಂದರೆ ಎಲ್ಲವೂ ಅಲ್ಲಿಂದಲೇ ಶುರುವಾಯಿತು.

ಹೈದರಾಬಾದಿನ ಮಾದಾಪುರದ ನಮ್ಮ ಕಂಪನಿಯಲ್ಲಿ ನನ್ನ ಕೆಲಸ ಏನೆಂದು ನೀವು ಒಮ್ಮೆ ಕೇಳಿದ್ದಿರಿ. 'ಪ್ರೊಫೈಲು ತಯಾರು ಮಾಡ್ತೀನ್ರಿ' ಅಂದಿದ್ದೆ. ಅಂದರೆ, ಯಾವ ಹುಡುಗನನ್ನು ಯಾವ ವಿದೇಶಿ ಗಿರಾಕಿಗೆ ಕಳಿಸಬೇಕೋ ಅವನ ಅನುಭವದ ಪತ್ರವನ್ನು ಚೆಂದ ಮಾಡಿ ಬರೆಯುವುದು. ಗಿರಾಕಿ ಐದು ವರ್ಷದವನು ಬೇಕು ಅಂದರೆ ಎರಡು ವರ್ಷದವನನ್ನೇ ಐದು ವರ್ಷದವನನ್ನಾಗಿ ಮಾಡುವುದು. ಆ ದಿನಗಳಲ್ಲಿ ಕೆಲಸ ಹೊಳೆಯಂತೆ ಹರಿದು ಬರುತ್ತಿತ್ತು, ಜನ ಸಾಲುತ್ತಿರಲಿಲ್ಲ. ಇದನ್ನು ಯಾರೂ ಸುಳ್ಳು ಅನ್ನುತ್ತಿರಲಿಲ್ಲ, ಅಡ್ಜಸ್ಟ್‌ಮೆಂಟ್ ಅನ್ನುತ್ತಿದ್ದರು. ಹೋದ ಹುಡುಗ ಹೇಗೋ ಕಲಿತುಕೊಳ್ಳುತ್ತಿದ್ದ, ಗಿರಾಕಿ ಖುಷಿ, ನಮಗೂ ಶಹಬ್ಬಾಸ್. ಬರೆದುಬಿಟ್ಟರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ ಅಂತ ನನ್ನ ಕೈ ನಂಬಿಬಿಟ್ಟಿತ್ತು.

ನನ್ನನ್ನೂ ಅದೇ ಕಂಪನಿಯಲ್ಲಿದ್ದ ವೀರೇಶನನ್ನೂ ಸ್ವಿಟ್ಜರ್ಲೆಂಡಿಗೆ ಕಳಿಸಿದ್ದು ನಿಮಗೆ ಗೊತ್ತಿದೆ. ನಾನು ಎರಡು ಚಳಿಗಾಲ ಅಲ್ಲಿದ್ದೆ, ವೀರೇಶ ನಾಲ್ಕು ತಿಂಗಳು. ಸ್ನೋಬೋರ್ಡ್ ಹುಚ್ಚು ಹಿಡಿದದ್ದು ಅಲ್ಲಿಯೇ. ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ ಅಂತ ಅವನು ವಿವರಿಸಿದಾಗ ನೀವು ನಕ್ಕಿದ್ದಿರಿ: 'ಎರಡೂ ಕಾಲು ಕಟ್ಟಿಗೊಂಡು ಗುಡ್ಡಾ ಇಳಿತೀರಲ್ಲಾ, ಭಾಳ ಶಾಣ್ಯಾರದೀರಿ ನೀವು!' ಶನಿವಾರ ಭಾನುವಾರ ಸೇರಿ ಅವನು ಒಟ್ಟು ಹದಿನಾಲ್ಕು ದಿನ ಆಡಿದ್ದ. ಅದೂ ಯಂತ್ರದಿಂದ ಸಮ ಮಾಡಿದ ಅಗಲವಾದ ಇಳಿಜಾರುಗಳಲ್ಲಿ.

ಹೈದರಾಬಾದಿಗೆ ಮರಳಿದ ಮೇಲೆ ಆಲ್ಪ್ಸ್‌ಗೆ ಮತ್ತೆ ಹೋಗಬೇಕು ಅನ್ನುವ ಯೋಜನೆ ನನ್ನದು. ಅದೂ ಸುಮ್ಮನೆ ಹೋಗುವುದಲ್ಲ. ಸಮ ಮಾಡಿದ ದಾರಿಯೇ ಇಲ್ಲದ, ಬೆಟ್ಟದ ನೆತ್ತಿಯವರೆಗೆ ರೋಪ್‌ವೇಯಲ್ಲಿ ಹೋಗಿ ಅಲ್ಲಿಂದ ಬಂಡೆಗಳ ನಡುವೆ ನೇರ ಇಳಿಯುವ, ನುರಿತವರಷ್ಟೇ ಕಾಲಿಡುವ ಒಂದು ಜಾಗಕ್ಕೆ. ಮಣಿಕೊಂಡದ ನನ್ನ ಫ್ಲಾಟಿನಲ್ಲಿ ಶನಿವಾರ ಮಧ್ಯಾಹ್ನ ಸೇರುತ್ತಿದ್ದೆವು. ನಾನು, ವೀರೇಶ, ನಮ್ಮ ಆಫೀಸಿನ ಶ್ರೀಕಾಂತ, ಅವನ ಹೆಂಡತಿ. ಆ ಇಬ್ಬರೂ ನನ್ನಷ್ಟೇ ಆಡಿ ನುರಿತವರು. ಆಫೀಸಿನ ಪ್ರಾಜೆಕ್ಟಿಗೆ ಮಾಡುವಂತೆ ಇದಕ್ಕೂ ಒಂದು ಪಟ್ಟಿ ಮಾಡಿದ್ದೆ — ವೀಸಾ ಯಾರು, ಬೂಟು ಯಾರು, ಹಿಮ ಕುಸಿದು ಒಳಗೆ ಸಿಕ್ಕಿಕೊಂಡವರನ್ನು ಹುಡುಕುವ ರೇಡಿಯೋ ಯಂತ್ರ ಯಾರು. ಸಮತೋಲ ಕಲಿಯಲು ಒಂದು ಪಿವಿಸಿ ಪೈಪಿನ ತುಂಡಿನ ಮೇಲೆ ಹಲಗೆ ಇಟ್ಟು ಅದರ ಮೇಲೆ ನಿಲ್ಲುತ್ತಿದ್ದೆವು. ವೀರೇಶ ದಬದಬ ಬೀಳುತ್ತಿದ್ದ. ಕೆಳಗಿನ ಮನೆಯ ಆಂಟಿ ಮೇಲೆ ಬಂದು 'ಏಂಟಮ್ಮಾ ಈ ಗೋಲ?' ಅಂತ ತೆಲುಗಿನಲ್ಲಿ ನಮ್ಮ ಗಲಾಟೆಗೆ ಗದರಿದರೆ, ಇವನೇ ಮುಂದೆ ಹೋಗಿ ಕೈಮುಗಿದು ಅವರಿಗೆ ಚಹಾ ಕೊಟ್ಟು ಕಳಿಸುತ್ತಿದ್ದ. ಒಂದು ದಿನ ಟ್ಯಾಂಕ್‌ಬಂಡ್ ಹತ್ತಿರದ ಕೃತಕ ಹಿಮದ ಮನೆಗೂ ಹೋಗಿದ್ದೆವು, ನರ್ಸರಿ ಮಕ್ಕಳ ನಡುವೆ ಬಾಡಿಗೆ ಕೋಟು ಹಾಕಿಕೊಂಡು. ಅಷ್ಟು ನಕ್ಕದ್ದು ಆಮೇಲೆ ಎಂದೂ ಇಲ್ಲ ಕಾಕಾ.

ಆ ಬೆಟ್ಟಕ್ಕೆ ಗೈಡ್ ಇಲ್ಲದೆ ಹೋಗುವಂತಿರಲಿಲ್ಲ. ಗೈಡ್ ಒಪ್ಪಬೇಕಾದರೆ ನಾಲ್ಕು ಜನ ಬೇಕು, ನಾಲ್ಕೂ ಜನ ಒಂದೇ ಮಟ್ಟದವರಿರಬೇಕು. ಪ್ರತಿಯೊಬ್ಬರೂ ಫಾರ್ಮು ತುಂಬಿ ಕಳಿಸಬೇಕು. ಎಷ್ಟು ದಿನ ಆಡಿದ್ದೀರಿ, ಕಡಿದಾದ ಇಳಿಜಾರು ಇಳಿದಿದ್ದೀರಾ, ಹೀಗೆ. ವೀರೇಶ ಮೊದಲೇ ಸ್ಪಷ್ಟವಾಗಿ ಹೇಳಿಬಿಟ್ಟಿದ್ದ, ಬಾಯಲ್ಲಷ್ಟೇ ಅಲ್ಲ, ಮೇಲ್ ಕೂಡ ಬರೆದಿದ್ದ: 'ಸುಧಾ, ನಂದು ಹದಿನಾಲ್ಕು ದಿನ ಅಂತನ ಬರಿ. ನೀವು ಮೂರು ಮಂದಿ ಮ್ಯಾಲ ಹೋಗ್ರಿ, ನಾ ಕೆಳಗ ಸಣ್ಣ ಇಳಿಜಾರಿನ್ಯಾಗ ಆಡಕೋತ ಇರ್ತೀನಿ. ಹೆಚ್ಚಿಗಿ ಏನೂ ಬರೀಬ್ಯಾಡ.' ಆ ಮೇಲ್‌ನ ಪ್ರತಿ ಈ ಪತ್ರದ ಜೊತೆಗಿದೆ. ನಾನು ಅದನ್ನು ಅಳಿಸಲಿಲ್ಲ. ಯಾಕೆ ಅಳಿಸಲಿಲ್ಲವೋ — ಅಳಿಸದೆ ಬಚ್ಚಿಟ್ಟದ್ದು ಇನ್ನೂ ದೊಡ್ಡ ತಪ್ಪೇನೋ.

ಅವನು ಕೆಳಗೆ ಉಳಿದರೆ ಮೂರೇ ಜನ, ಗೈಡ್ ಬರುವುದಿಲ್ಲ, ಆರು ತಿಂಗಳ ಯೋಜನೆ ಬಿದ್ದುಹೋಗುತ್ತದೆ. ಇದು ಒಂದು ಕಾರಣ. ಇನ್ನೊಂದನ್ನು ನಾನು ಯಾರಿಗೂ ಹೇಳಿಲ್ಲ. ನನಗೆ ಅವನ ಮೇಲೆ ಮನಸ್ಸಿತ್ತು ಕಾಕಾ. ಆ ಬೆಟ್ಟದ ಮೇಲೆ ಅವನು ನನ್ನ ಪಕ್ಕದಲ್ಲಿ ನಿಂತಿರಬೇಕು ಅಂತಿತ್ತು. ಎಲ್ಲರ ಫಾರ್ಮನ್ನೂ ನಾನೇ ತುಂಬುತ್ತೇನೆ ಅಂದೆ. ಹದಿನಾಲ್ಕನ್ನು ನಲವತ್ತೈದು ಮಾಡಿದೆ, ಎಲ್ಲ ಪ್ರಶ್ನೆಗೂ ಹೌದು ಅಂತ ಗುರುತು ಹಾಕಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ದಿನಾ ಆಫೀಸಿನಲ್ಲಿ ಮಾಡುತ್ತಿದ್ದ ಕೆಲಸವೇ ತಾನೆ. ಅವನಿಗೆ 'ನೀ ಹೇಳಿದ್ದನ್ನ ಬರದೀನಿ, ಗೈಡ್ ಅಷ್ಟಕ್ಕ ಒಪ್ಯಾನ, ನೀನೂ ಮ್ಯಾಲ ಬರ್ಬೇಕು' ಅಂದೆ. ನಂಬಿದ.

ಆಲ್ಪ್ಸ್ ತಲುಪಿದ ಮೊದಲ ದಿನ ಸುಲಭದ ಜಾಗದಲ್ಲಿ ನಮ್ಮನ್ನು ಆಡಿಸಿ ನೋಡಿದ ಗೈಡ್, ವೀರೇಶ ತಿರುಗುವ ರೀತಿ ನೋಡಿ ನನ್ನ ಹತ್ತಿರ ಬಂದ. ಇವರು ನಿಜವಾಗಿ ನಲವತ್ತೈದು ದಿನ ಆಡಿದ್ದಾರಾ ಅಂತ ಮೆಲ್ಲಗೆ ಕೇಳಿದ. ವೀರೇಶ ಸ್ವಲ್ಪ ದೂರದಲ್ಲಿ ಬೂಟಿನ ಪಟ್ಟಿ ಬಿಗಿಯುತ್ತಿದ್ದ, ಅವನಿಗೆ ಕೇಳಿಸಲಿಲ್ಲ. ಬಹಳ ದಿನ ಆಡಿಲ್ಲ, ಮೈ ಬಿಗಿದಿದೆ, ನಾಳೆ ಸರಿಹೋಗುತ್ತಾನೆ ಅಂದೆ. ಅಲ್ಲಿ — ಆಗಲಾದರೂ ನಾನು ಬಾಯಿಬಿಡಬಹುದಿತ್ತು. ಫಾರ್ಮು ತುಂಬಿದ್ದು ಚಾಳಿಯಿಂದ ಅಂದುಕೊಂಡರೂ, ಇದು ಗೊತ್ತಿದ್ದೇ ಮಾಡಿದ್ದು.

ಮರುದಿನ ಬೆಳಿಗ್ಗೆ ಹತ್ತು ಗಂಟೆ ಇರಬೇಕು, ಒಳ್ಳೆಯ ಬಿಸಿಲಿತ್ತು. ನೆತ್ತಿಯಿಂದ ಕೆಳಗೆ ನೋಡಿದರೆ ಇಳಿಜಾರು ಅಲ್ಲ, ಗೋಡೆ. ಗೈಡ್ ಮೊದಲು ಇಳಿದ, ಹಿಂದೆ ಶ್ರೀಕಾಂತ ದಂಪತಿ. ವೀರೇಶ ನನ್ನ ಕಡೆ ತಿರುಗಿದ. ಕನ್ನಡದಲ್ಲೇ ಅಂದ, 'ಸುಧಾ, ಇದು ನನ್ನ ಕೈಲೆ ಆಗಂಗಿಲ್ಲ ಅನಸ್ತೈತಿ. ರೋಪ್‌ವೇದಾಗ ವಾಪಸ್ ಹೋಗ್ಲೇನು?'

'ಏನೂ ಆಗಂಗಿಲ್ಲ ಹೋಗೋ. ನಾ ಹಿಂದ ಇದ್ದೀನಿ' ಅಂದೆ. ನಗುತ್ತಾ ಅಂದೆ.

ಅವನು ಹೋದ. ಒಂದು ತಿರುವು ಚೆನ್ನಾಗಿಯೇ ತಿರುಗಿದ, ಎರಡನೆಯದೂ. ಮೂರನೆಯದರಲ್ಲಿ ಹಲಗೆಯ ಅಂಚು ಹಿಮಕ್ಕೆ ಸಿಕ್ಕಿತು. ಆಮೇಲೆ ಅವನು ನಿಲ್ಲಲೇ ಇಲ್ಲ. ಕೆಳಗೆ ಬಂಡೆಗಳಿದ್ದವು. ಹಿಂದೆ ಇದ್ದೀನಿ ಅಂದವಳು ಹಿಂದೆಯೇ ಉಳಿದೆ, ಅವನ ಹತ್ತಿರ ತಲುಪಲು ನನಗೆ ಹತ್ತು ನಿಮಿಷವಾದರೂ ಬೇಕಾಯಿತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಮುಂದಿನದು ನಿಮಗೆ ಗೊತ್ತು, ಆದರೆ ನನ್ನ ಕಡೆಯಿಂದ ಗೊತ್ತಿಲ್ಲ. ಅಲ್ಲಿನ ಪೊಲೀಸರ ವಿಚಾರಣೆಯಲ್ಲಿ ಗೈಡ್ ಆ ಫಾರ್ಮನ್ನು ತೋರಿಸಿದ. ಮೃತರು ತಮ್ಮ ಅನುಭವವನ್ನು ಹೆಚ್ಚು ಮಾಡಿ ಬರೆದಿದ್ದರು ಎಂಬ ಒಕ್ಕಣೆಯ ಪತ್ರ ನಿಮ್ಮ ಮನೆಗೆ ಬಂತು. ನೀವು ಸ್ಟೇಷನ್ ಮಾಸ್ತರರಾಗಿದ್ದವರು. ಕಣ್ಣಾರೆ ನೋಡದೆ ಎಂದೂ ಒಂದು ರೈಲಿಗೂ ದಾರಿ ಬಿಟ್ಟವರಲ್ಲ, ತಿಳಿಯದ್ದನ್ನು ತಿಳಿದಿದೆ ಅಂತ ಒಂದು ಸಾಲೂ ಬರೆದವರಲ್ಲ. ಆ ಪತ್ರವನ್ನು ನನ್ನ ಮುಂದೆ ಇಟ್ಟು ಕೇಳಿದಿರಿ: 'ಯವ್ವಾ ಸುಧಾ, ನೀ ಅವನ ಜೋಡಿನ ಇದ್ದಿ. ಖರೇ ಹೇಳು. ಇದನ್ನ ಅವನೇ ಬರದಾನೇನು?' ಅಡುಗೆಮನೆಯ ಬಾಗಿಲಲ್ಲಿ ಕಾಕು ನಿಂತಿದ್ದರು. ಹೊರಗೆ ರೈಲು ಹೋಗುತ್ತಿತ್ತು. ಅದರ ಸದ್ದು ಅಡಗುವವರೆಗೆ ನನಗೆ ಸಮಯವಿತ್ತು, ನಿಜ ಹೇಳಲು ಬೇಕಾದಷ್ಟು ಸಮಯ.

'ಹೌದ್ರಿ ಕಾಕಾ' ಅಂದೆ.

ನೀವು ಅವನ ಫೋಟೋ ಗೋಡೆಗೆ ಹಾಕಲಿಲ್ಲ. ವರ್ಷದ ದಿನ ಯಾರನ್ನೂ ಊಟಕ್ಕೆ ಕರೆಯಲಿಲ್ಲ. ಕಾಕು ಅಳುವುದಿದ್ದರೆ ಪಕ್ಕದ ಮನೆಗೆ ಹೋಗಿ ಅತ್ತು ಬರುತ್ತಿದ್ದರಂತೆ. ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಪ್ರತಿ ಸಲವೂ ಈ ವಾರ ಹೋಗಿ ಹೇಳಬೇಕು ಅಂದುಕೊಳ್ಳುತ್ತಿದ್ದೆ, ವಾರ ಕಳೆಯುತ್ತಿತ್ತು. ನೌಕರಿಯಲ್ಲಿ ಮೇಲೇರಿದೆ, ಮದುವೆಯಾದೆ. ಕಾಕು ತೀರಿಕೊಂಡಾಗ ಬಂದು ಬಾಗಿಲಲ್ಲಿ ನಿಂತು ಹೋದೆ. ಅವರು ಮಗನನ್ನು ಕ್ಷಮಿಸಿ ಸತ್ತರೋ ಇಲ್ಲವೋ — ಕ್ಷಮಿಸಬೇಕಾದ್ದೇ ಏನೂ ಇರಲಿಲ್ಲ ಅಂತ ಅವರಿಗೆ ಹೇಳಲು ಇನ್ನು ದಾರಿಯಿಲ್ಲ.

ಹೋದ ತಿಂಗಳು ನಿಮ್ಮ ಮಗಳು ಜ್ಯೋತಿಯ ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ನಾನೂ ಬಂದಿದ್ದೆ. ಅಣ್ಣನ ಹೆಸರನ್ನೇ ಇಡುತ್ತೇನೆ ಅಂತ ಅವಳು ಮಗುವಿನ ಕಿವಿಯ ಹತ್ತಿರ ಬಗ್ಗಿದಾಗ ನೀವು ಎಲ್ಲರೆದುರಿಗೆ ಅಂದಿರಿ, 'ಬ್ಯಾಡ. ಆ ಹೆಸರು ಈ ಮನ್ಯಾಗ ಬ್ಯಾಡ.' ಅವಳು ಬಗ್ಗಿದವಳು ಹಾಗೇ ನಿಂತಳು. ಯಾರೋ ಅಜ್ಜಿ ಗಡಿಬಿಡಿಯಲ್ಲಿ ಬೇರೊಂದು ಹೆಸರು ಹೇಳಿದರು, ಅದೇ ಆಯಿತು. ನಾನು ಕೈಯಲ್ಲಿ ಪೇಢೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ ಕಾಕಾ. ಅವತ್ತೂ ಬಾಯಿಬಿಡಲಿಲ್ಲ.

ನಿನ್ನೆ ಜ್ಯೋತಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಹತ್ತನೇ ಇಯತ್ತೆಯಲ್ಲಿದ್ದಾಗಿನಿಂದ ನನ್ನನ್ನು ಸುಧಕ್ಕ ಅನ್ನುತ್ತಿದ್ದವಳು. ಮಗು ಅಳುವುದು ಕೇಳುತ್ತಿತ್ತು. ಆಮೇಲೆ ಕೇಳಿದಳು, 'ಅಪ್ಪಾಗ ನೀವ ಹೇಳ್ತೀರೋ, ನಾನೇ ಹೇಳಲ್ಯೋ?' ಅಕ್ಕ ಅನ್ನಲಿಲ್ಲ.

ನಾನೇ ಹೇಳುತ್ತೇನೆ ಅಂದಿದ್ದೇನೆ. ಈ ಪತ್ರ ನಿಮಗೆ ಮೊದಲು ತಲುಪಲಿ, ಓದಲು ನಿಮಗೆ ಸಮಯವಿರಲಿ. ಭಾನುವಾರ ಬೆಳಿಗ್ಗೆ ಬರುತ್ತೇನೆ. ಒಳಗೆ ಕರೆಯಬೇಕಿಲ್ಲ, ಮೆಟ್ಟಿಲಲ್ಲಿ ನಿಂತೇ ಹೇಳುತ್ತೇನೆ, ಅಕ್ಕಪಕ್ಕದವರಿಗೂ ಕೇಳುವಂತೆ. ಕ್ಷಮಿಸಿ ಅಂತ ಕೇಳುವುದಿಲ್ಲ. ನೀವು ಬೈದರೆ ಬೈಸಿಕೊಳ್ಳುತ್ತೇನೆ, ಬಾಗಿಲು ಹಾಕಿಕೊಂಡರೆ ಹೊರಗೇ ನಿಂತಿರುತ್ತೇನೆ. ಒಂದನ್ನು ಮಾತ್ರ ಬೇಡುತ್ತೇನೆ — ನಾನು ಬರುವಷ್ಟರಲ್ಲಿ ವೀರೇಶನ ಫೋಟೋ ಗೋಡೆಯ ಮೇಲೆ ಇರಲಿ.