ಏಳು ತಲೆಯ ಶಿಂದಿ ಗಿಡದ ಜಾವಳ

ಹುಡಗಿ ಎಂಬ ಊರಿನ ಪಾರ್ವತಿಬಾಯಿ ಕಟ್ಟಿದ ಕಸಬರಿಗೆ ಹುಮನಾಬಾದ್ ಸಂತೆಗೆ ಬಂತೆಂದರೆ ಹೆಂಗಸರು ಬೇರೆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಹೊಲದ ಬದುವಿನ ಈಚಲು ಜಾತಿಯ ಶಿಂದಿ ಗಿಡಗಳ ಗರಿ ಕೊಯ್ದು, ಒಣಗಿಸಿ, ಸೀಳಿ, ಕಟ್ಟಿ ಮನೆ ನಡೆಸಿದವಳು ಆಕೆ. ಆ ಗಿಡಗಳಲ್ಲಿ ಒಂದು ವಿಚಿತ್ರದ್ದು. ಶಿಂದಿ ಗಿಡಕ್ಕೆ ಇರುವುದೇ ಒಂದು ತಲೆ. ಇದಕ್ಕೆ ತೊಂಬತ್ತೈದನೇ ಇಸವಿಯ ಸುಮಾರಿಗೆ ನೆತ್ತಿಯ ಪಕ್ಕ ಇನ್ನೊಂದು ಮೊಳೆಯಿತು, ಆಮೇಲೆ ಮತ್ತೊಂದು. ನೋಡನೋಡುತ್ತ ಏಳಾದವು.

"ಚಲೋನೇ ಆತು, ಒಂದೇ ಗಿಡದಾಗ ಏಳು ಗಿಡದ ಗರಿ," ಎಂದು ಪಾರ್ವತಿಬಾಯಿ ಕುಡುಗೋಲು ಮಸೆದಳು.

ಅಡ್ಡ ಬಂದವನು ಅವಳ ತಮ್ಮ ನರಸಿಂಗ. ಅವನಿಗೆ ಕೆಲಸಕ್ಕಿಂತ ಮಾತು ಹೆಚ್ಚು. "ಅಕ್ಕಾ, ಇದು ಗಿಡ ಅಲ್ಲ, ಏಳು ಹೆಡಿ ಶೇಷಪ್ಪ. ಕುಡುಗೋಲ ಮುಟ್ಟಿಸಿದ್ರ ಖಾನದಾನೇ ನಾಶ ಆಗ್ತದ!" ಎಂದವನೇ ಕಾಂಡಕ್ಕೆ ಅರಿಶಿನ ಮೆತ್ತಿ ತಾನೇ ಪೂಜಾರಿಯಾಗಿ ಕೂತ. ಪಕ್ಕದ ಗಿಡಗಳೂ ದೇವರ ಬಳಗವೆಂದು ಅವನ್ನೂ ಮುಟ್ಟಗೊಡಲಿಲ್ಲ. ಸುದ್ದಿ ಕಲ್ಯಾಣ ಪಟ್ಟಣದವರೆಗೆ ಹೋಯಿತು. ಜೀಪು, ಟಂಟಂ ತುಂಬಿಕೊಂಡು ಬಂದ ಜನ ತೊಗರಿ ಸಾಲು ತುಳಿದರು. ಅವರು ಒಡೆದ ಕಾಯಿಯ ಕೊಬ್ಬರಿಯೆಲ್ಲ ನರಸಿಂಗನ ಹೊಟ್ಟೆಗೆ. ಚಿಪ್ಪು ಗುಡಿಸುವ ಕೆಲಸ ಪಾರ್ವತಿಬಾಯಿಗೆ.

ಕಟ್ಟಲು ಗರಿಯಿಲ್ಲದೆ ಸಂತೆ ತಪ್ಪತೊಡಗಿದಾಗ, ಒಂದು ಅಮಾವಾಸ್ಯೆಯ ದಿನ ತುಂಬಿದ ಜನರ ನಡುವೆ ಆಕೆ ಏಣಿ, ಕುಡುಗೋಲು ಹಿಡಿದು ಬಂದಳು. ಜನ ಹೌಹಾರಿದರು.

"ಏನ್ ಮಾಡಾಕತ್ತಿ ಅಕ್ಕಾ?" ನರಸಿಂಗ ಚೀರಿದ.

"ಶೇಷಪ್ಪ ನನ್ನ ಹೊಲದಾಗ ಹುಟ್ಯಾನ, ಅಂದ್ರ ನನ್ನ ಮಗ. ಇನ್ನಾ ಜಾವಳ ತಗದಿಲ್ಲ, ಹುಟ್ಟುಗೂದಲ ಹಂಗೇ ಅದ. ಏಳೂ ತಲಿ ಕೂದಲ ಹ್ಯಾಂಗ ಕೆದರ್ಯಾವ ನೋಡ್ರಿ."

ಕಲ್ಯಾಣದಿಂದ ಬಂದಿದ್ದ ಕಮಳಾಬಾಯಿ ಎಂಬ ಮುದುಕಿ ಗದ್ದಕ್ಕೆ ಕೈ ಹಚ್ಚಿ ಯೋಚಿಸಿದಳು. "ಖರೇ ಅದರಿ. ಜಾವಳ ಬಿಡಾಕ ಬರಂಗಿಲ್ಲ. ಆದ್ರ ಕೂಸಿನ ಸೋದರಮಾವ ಎಲ್ಲಿ?"

ಪಾರ್ವತಿಬಾಯಿ ತಮ್ಮನ ಕಡೆ ನೋಡಿದಳು. ಮಂದಿಯೂ ನೋಡಿದರು.

ಜಾವಳದಲ್ಲಿ ಕೂಸು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಗಿಡ ಕೂರುವಂಥದ್ದಲ್ಲವಾದ್ದರಿಂದ ಮಾವನೇ ಅಪ್ಪಿಕೊಳ್ಳಲಿ ಎಂದು ತೀರ್ಮಾನವಾಯಿತು. ನರಸಿಂಗ ಒರಟು ಕಾಂಡವನ್ನು ತಬ್ಬಿ ನಿಂತ. ಮೇಲೆ ಪಾರ್ವತಿಬಾಯಿ ನಡುವಿನ ಎಳೆ ಸುಳಿಗಳನ್ನು ಬಿಟ್ಟು ಸಾವಕಾಶವಾಗಿ ಒಂದೊಂದೇ ತಲೆ ಬೋಳಿಸಿದಳು. ಮುಳ್ಳಿನ ಗರಿಗಳೆಲ್ಲ ಮಾವನ ಬೆನ್ನ ಮೇಲೇ ಬಿದ್ದವು.

"ಅಯ್ಯಯ್ಯೋ, ಸಾಕ್ ಮಾಡು ಅಕ್ಕಾ!"

"ಜಾವಳದಾಗ ಕೂಸು ಅಳ್ತದ, ಮಾವ ಅಳಂಗಿಲ್ಲ," ಎಂದು ಕಮಳಾಬಾಯಿ ಗದರಿದಳು.

ಆ ಗರಿಯ ಕಸಬರಿಗೆಗೆ ಸಂತೆಯಲ್ಲಿ ಜನ ಮುಗಿಬಿದ್ದರು. ಆದರೆ ದೇವರ ಕೂದಲಿನಿಂದ ಕಸ ಹೊಡೆಯಲು ಯಾರಿಗೂ ಧೈರ್ಯವಾಗಲಿಲ್ಲ. ದೇವರ ಜಗಲಿಯ ಮೇಲಿಟ್ಟು ಊದಿನಕಡ್ಡಿ ಹಚ್ಚಿದರು. "ಮನಿ ತುಂಬ ಧೂಳ, ಕಸಬರಿಗಿ ಜಗಲಿ ಮ್ಯಾಲ!" ಎಂದು ಪಾರ್ವತಿಬಾಯಿ ಕಂಡಕಂಡವರನ್ನು ಬೈದಳು.

ಮರುವರ್ಷ ಮತ್ತೆ ಏಣಿ ಬಂತು. ಜಾವಳ ಒಂದೇ ಸಲ ಎಂದು ನರಸಿಂಗ ವಾದಿಸಿದ. ತಲೆ ಏಳಿದ್ದರೆ ಜಾವಳವೂ ಏಳು ಎಂದಳು ಅಕ್ಕ. ವರ್ಷಾವರ್ಷ ಅವನು ಗಿಡ ತಬ್ಬಿದ.

ಆ ಏಳು ಜಾವಳ ಮುಗಿಯುವ ಮೊದಲೇ ಕೊಡಂಬಲದ ಕಡೆ ಒಂಬತ್ತು ತಲೆಯ ಗಿಡ ಕಂಡಿತೆಂದು ಸುದ್ದಿಯಾಯಿತು. ಜನ ಅತ್ತ ಹೊರಳಿದರು. ಎಲ್ಲರಿಗಿಂತ ಮುಂದೆ ನರಸಿಂಗ ಓಡಿದ್ದ. ಪಾರ್ವತಿಬಾಯಿಯೂ ಒಂದು ದಿನ ಬಸ್ಸು ಹತ್ತಿ ನೋಡಲು ಹೋದಳು. ಎಲ್ಲರೂ ಕೈಮುಗಿದು ನಿಂತಿದ್ದಾಗ ಒಂದು ಗರಿ ಎಳೆದು ಬೆರಳಲ್ಲಿ ಮಡಿಚಿ ನೋಡಿದಳು.

"ಒಂಬತ್ತು ತಲಿ ಇದ್ರ ಏನ್ ಬಂತು? ಗರಿ ಮೆತ್ತಗ ಅದ. ಕಸ ಹೊಡಿಲಾಕ ಬರಂಗಿಲ್ಲ," ಎಂದು ವಾಪಸು ಬಸ್ಸು ಹಿಡಿದಳು.