ಬಾಯಿ ಮುಚ್ಚಿ ಓದುವ ವಿದ್ಯೆ

ನನಗೆ ಮನಸ್ಸಿನೊಳಗೆ ಓದಲು ಬರುವುದಿಲ್ಲ. ಅಕ್ಷರ ಕಂಡ ಕೂಡಲೇ ಗಂಟಲು ತಾನಾಗಿ ಸಿದ್ಧವಾಗುತ್ತದೆ. ಅದೂ ನನ್ನ ಗಂಟಲಲ್ಲ, ಬೇರೆ ಯಾರದ್ದೋ. ಪೇಪರಿನ ಮರಣ ವಾರ್ತೆಯನ್ನು ನಾನು ಪುತ್ತೂರು–ಸುಳ್ಯ ಬಸ್ಸಿನ ಕಂಡಕ್ಟರನ ದನಿಯಲ್ಲಿ ಓದುತ್ತೇನೆ; ಕೇಳಿದವರಿಗೆ ತೀರಿಹೋದವರು ಮುಂದಿನ ಸ್ಟಾಪಿನಲ್ಲಿ ಇಳಿದುಕೊಂಡಂತೆ ಅನಿಸುತ್ತದೆ. ಮದುವೆಯ ಕಾಗದವನ್ನು ಹಾಲಿನ ಸೊಸೈಟಿಯ ಸೆಕ್ರೆಟರಿಯ ದನಿಯಲ್ಲಿ ಓದಿದರೆ ವಧೂವರರಿಬ್ಬರಿಗೂ ಹಾಲಿನಂತೆ ಫ್ಯಾಟ್ ಪರೀಕ್ಷೆ ಆಗಿ ಬಂದ ಹಾಗಿರುತ್ತದೆ. ಕೆದಂಬಾಡಿಯ ನಮ್ಮ ಮನೆಯಲ್ಲಿ ಇದಕ್ಕೆ ಯಾರೂ ಅಡ್ಡಿ ಮಾಡಿದವರಲ್ಲ. ನಾನು ಸುಮ್ಮನೆ ಪುಸ್ತಕ ಹಿಡಿದು ಕೂತರೆ ಅಮ್ಮ ಬಂದು ಹಣೆ ಮುಟ್ಟಿ ನೋಡುತ್ತಾಳೆ.

ಇಂಥವನಿಗೆ ನರ್ಸಿಂಗ್ ಓದಬೇಕೆಂಬ ಆಸೆ ಹುಟ್ಟಿದ್ದು ಅಜ್ಜನ ಹರ್ನಿಯಾದಿಂದ. ಆಸ್ಪತ್ರೆಯಲ್ಲಿ ಅಜ್ಜ ಯಾರು ಕೊಟ್ಟರೂ ಮಾತ್ರೆ ನುಂಗುತ್ತಿರಲಿಲ್ಲ. ನಾನು ಪರದೆಯ ಆಚೆ ನಿಂತು ದೊಡ್ಡ ಡಾಕ್ಟರ ದನಿಯಲ್ಲಿ, "ಅಜ್ಜ, ನುಂಗಿದ್ರಾ?" ಎಂದೆ. ಅಜ್ಜ ಗಡಬಡಿಸಿ ನುಂಗಿದರು. ವಾರ್ಡಿನ ಬ್ರದರ್, ಅಂದರೆ ಗಂಡು ನರ್ಸ್, ಈಶ್ವರಮಂಗಲದ ಕಡೆಯವರು, ನಗು ತಡೆಯಲು ಬಿಪಿ ಯಂತ್ರದ ಮೇಲೆ ಬಗ್ಗಿದರು. ಆಮೇಲೆ ಹೇಳಿದರು: "ನೀನು ಈ ಕೆಲಸಕ್ಕೇ ಬಾ ಮಾರಾಯ. ಮದ್ದು ಕೊಡ್ಲಿಕ್ಕೆ ಎಲ್ರಿಗೂ ಬರ್ತದೆ, ನುಂಗಿಸ್ಲಿಕ್ಕೆ ಬರುದಿಲ್ಲ."

ನಾನು ಈ ಮಾತನ್ನು ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ಮನೆಗೆ ಬಂದೆ. ಅಪ್ಪ ಕೇಳಿಸಿಕೊಂಡರು. ನಮ್ಮ ಅಪ್ಪ ಮಿತಭಾಷಿ. ಅವರ ದಿನದ ಮಾತನ್ನೆಲ್ಲ ಬಸ್ಸಿನ ಟಿಕೇಟಿನ ಹಿಂದೆ ಬರೆಯಬಹುದು. ಅವರು ಹೇಳಿದ್ದು ಇಷ್ಟೇ: "ಆಸ್ಪತ್ರೆಯಲ್ಲಿ ರೋಗಿಗಳು ಮಲಗುದು. ನೀನು ಹೋದ್ರೆ ಎದ್ದು ಓಡಿಯಾರು."

ಓಡುವ ಪ್ರಸಂಗವೇ ಬರಲಿಲ್ಲ. ಮೊದಲ ಸಲ ಪ್ರವೇಶ ಪರೀಕ್ಷೆಯಲ್ಲಿ ನಾನು ಬಿದ್ದೆ. ವಿಜ್ಞಾನದಲ್ಲಿ ಪರವಾಗಿಲ್ಲ, ಲೆಕ್ಕದಲ್ಲಿ ಹೇಗೋ ದಡ ಸೇರಿದ್ದೆ. ಮುಳುಗಿದ್ದು ಓದುವ ವಿಭಾಗದಲ್ಲಿ. ಇಂಗ್ಲಿಷಿನಲ್ಲಿ ಒಂದು ಪ್ಯಾಸೇಜ್ ಕೊಡುತ್ತಾರೆ, ಕೆಳಗೆ ಪ್ರಶ್ನೆ ಕೇಳುತ್ತಾರೆ, ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸಬೇಕು. ಓದಿ ಬೀಳುವುದು ಬೇರೆ, ಓದುವುದರಲ್ಲೇ ಬೀಳುವುದು ಬೇರೆ. ಕಡಬದಲ್ಲಿ ಪೈಪು, ನಲ್ಲಿಗಳ ಅಂಗಡಿ ಇಟ್ಟಿರುವ ಮಾವ ಕೂಡಲೇ ಫೋನು ಮಾಡಿ, "ಇನ್ನೊಂದು ಸಲ ನೋಡ್ಲಿ ಬಾವ. ಆಗ್ಲಿಲ್ಲಾಂದ್ರೆ ಇಲ್ಲಿಗೇ ಬರ್ಲಿ, ನನಗೂ ಜನ ಬೇಕು" ಎಂದರು. ಅಪ್ಪ "ಹ್ಞೂಂ" ಎಂದರು. ಆ ಹ್ಞೂಂ ಒಂದು ಕರಾರುಪತ್ರ. ಎರಡನೆಯ ಸಲವೂ ಬಿದ್ದರೆ ನಾನು ಜೀವಮಾನವಿಡೀ ಅರ್ಧ ಇಂಚು, ಮುಕ್ಕಾಲು ಇಂಚು ಎನ್ನುತ್ತ ಕೂರಬೇಕು. ಮಾವ ಒಳ್ಳೆಯವರೇ. ಆದರೆ ಪೈಪುಗಳಿಗೆ ಮಿಮಿಕ್ರಿ ಮಾಡಿ ಏನು ಪ್ರಯೋಜನ? ಅವು ನಗುವುದಿಲ್ಲ, ಮಾತ್ರೆಯನ್ನೂ ನುಂಗುವುದಿಲ್ಲ.

ಹಾಗಾಗಿ ಪುತ್ತೂರಿನಲ್ಲಿ ಒಂದು ಬೇಕರಿಯ ಮಾಳಿಗೆಯ ಮೇಲೆ ವಾರಿಜಾ ಟೀಚರ್ ನಡೆಸುವ ಕೋಚಿಂಗಿಗೆ ಸೇರಿದೆ. ಕೆಳಗೆ ಪಪ್ಸ್ ಬೇಯುವಾಗ ಮೇಲೆ ಪ್ಯಾಸೇಜ್ ಓದುವುದು ಎಂಥ ತಪಸ್ಸು ಎಂದು ಅನುಭವಿಸಿದವರಿಗೇ ಗೊತ್ತು. ಟೀಚರು ಮೊದಲ ದಿನವೇ ಕೊಟ್ಟ ಪ್ಯಾಸೇಜಿನಲ್ಲಿ ಒಬ್ಬ ಮುದುಕನಿದ್ದ. ನರ್ಸ್ ಅವನ ಮನೆಗೆ ಮದ್ದು ತರುತ್ತಾಳೆ. ಮದ್ದು ಕಹಿ ಎಂದು ಮುದುಕ ಕುಡಿಯುವುದಿಲ್ಲ. ಪ್ರಶ್ನೆ: ಮುದುಕ ಮದ್ದನ್ನು ಏಕೆ ನಿರಾಕರಿಸಿದ? 'ಕಹಿಯಾಗಿದ್ದುದರಿಂದ' ಎಂಬ ಉತ್ತರ ಮೊದಲಲ್ಲೇ ಇತ್ತು. ನಾನು 'ಮಗನ ಮೇಲಿನ ಸಿಟ್ಟಿನಿಂದ' ಎಂಬುದಕ್ಕೆ ಗುರುತು ಹಾಕಿದೆ.

"ಇದು ಹೇಗೆ ಮಾರಾಯ?" ಎಂದರು ಟೀಚರು.

ನಾನು ಎದ್ದು ನಿಂತೆ. ಟೀಚರೇ, ಕಹಿಗೆ ಹೆದರುವ ಮುದುಕ ಎಲ್ಲಿಯಾದರೂ ಉಂಟಾ? ನಮ್ಮಲ್ಲಿ ಆಷಾಢದ ಆಟಿ ಅಮಾವಾಸ್ಯೆಗೆ ಬೆಳಗಾಗುವ ಮೊದಲು ಪಾಲೆ ಮರದ ಕೆತ್ತೆ, ಅಂದರೆ ತೊಗಟೆ ತಂದು, ಅರೆದು, ಕಷಾಯ ಮಾಡಿ ಖಾಲಿ ಹೊಟ್ಟೆಗೆ ಕುಡಿಯುವುದಿಲ್ಲವಾ? ಅದರ ಕಹಿ ಕಿವಿಯವರೆಗೆ ಹೋಗುತ್ತದೆ. ನಮ್ಮ ಅಜ್ಜ ಅದನ್ನು ಚಪ್ಪರಿಸಿ ಕುಡಿದು ಇನ್ನೊಂದು ಲೋಟ ಕೇಳುತ್ತಾರೆ. ಅಂಥವರು ಒಂದು ಚಮಚ ಮದ್ದಿಗೆ ಮುಖ ತಿರುಗಿಸಿದರೆ ಒಳಗೆ ಬೇರೆ ಸಂಗತಿ ಇರಲೇಬೇಕು. ಆಸ್ತಿ ಪಾಲು ಆಗಿದೆ, ಸೊಸೆ ಮಾತು ಬಿಟ್ಟಿದ್ದಾಳೆ, ಮಗ ಬೇಲಿಯನ್ನು ಎರಡು ಅಡಿ ಈಚೆ ಹಾಕಿದ್ದಾನೆ... ನಾನು ಮುದುಕನ ದನಿಯಲ್ಲಿ, ಸೊಸೆಯ ದನಿಯಲ್ಲಿ, ಕೊನೆಗೆ ಬೇಲಿ ಅಳೆಯಲು ಬಂದ ಸರ್ವೆಯವನ ದನಿಯಲ್ಲೂ ವಿವರಿಸಿದೆ. ತರಗತಿ ಚಪ್ಪಾಳೆ ತಟ್ಟಿತು. ಬೇಕರಿಯ ಹುಡುಗರು ಮೆಟ್ಟಿಲಿಗೆ ಬಂದು ನಿಂತರು.

ಟೀಚರು ಕನ್ನಡಕ ತೆಗೆದು ಒರೆಸಿ, "ಎಲ್ಲ ಚಂದ ಉಂಟು. ಆದ್ರೆ ಅದು ಪ್ಯಾಸೇಜಿನಲ್ಲಿ ಉಂಟಾ?" ಎಂದರು.

ಇರಲಿಲ್ಲ.

ತಪ್ಪು ಪೂರ್ತಿ ನನ್ನದಲ್ಲ, ಊರಿನದ್ದೂ ಸ್ವಲ್ಪ ಉಂಟು. ನಾವು ಬೆಳೆದದ್ದು ತಾಳಮದ್ದಳೆ ಕೇಳಿ. ಭಾಗವತರು ನಾಲ್ಕು ಸಾಲಿನ ಪದ್ಯ ಹಾಡುತ್ತಾರೆ; ವೇಷವಿಲ್ಲದೆ ಪಂಚೆ ಶಾಲಿನಲ್ಲಿ ಕೂತ ಅರ್ಥಧಾರಿ ಕೃಷ್ಣನಾಗಿಯೋ ಕರ್ಣನಾಗಿಯೋ ಅದಕ್ಕೆ ಅರ್ಥ ಹೇಳುತ್ತಾರೆ. ಪದ್ಯದಲ್ಲಿ 'ಬಂದೆ' ಎಂದಿದ್ದರೆ ಸಾಕು, ಯಾಕೆ ಬಂದೆ, ಬಾರದಿದ್ದರೆ ಏನಾಗುತ್ತಿತ್ತು, ಬರುವ ದಾರಿಯಲ್ಲಿ ಧರ್ಮ ಯಾವ ಕಡೆ ತಿರುಗಿತ್ತು ಎಂದು ಅರ್ಧ ಗಂಟೆ ಸಾಗುತ್ತದೆ. ಪದ್ಯದಲ್ಲಿ ಇದ್ದಷ್ಟನ್ನೇ ಹೇಳಿ ನಿಲ್ಲಿಸಿದವನನ್ನು ನಮ್ಮ ಭಜನಾ ಮಂದಿರದಲ್ಲಿ ಮುಂದಿನ ವರ್ಷ ಕರೆಯುವುದಿಲ್ಲ. ಹಿಂದೆ ಕಾವ್ಯ ಓದುತ್ತಿದ್ದ ಕ್ರಮವೂ ಹಾಗೇ ತಾನೇ? ಒಬ್ಬರು ರಾಗವಾಗಿ ಓದಬೇಕು, ಪಕ್ಕದಲ್ಲಿ ಇನ್ನೊಬ್ಬರು ವ್ಯಾಖ್ಯಾನ ಮಾಡಬೇಕು, ಜಗಲಿ ತುಂಬ ಜನ ತಲೆದೂಗಬೇಕು. ಒಬ್ಬನೇ ಕೂತು, ತುಟಿ ಹೊಲಿದುಕೊಂಡು, ಬರೆದಷ್ಟನ್ನೇ ಓದುವುದು ಈಚಿನ ಶೋಕಿ. ಈ ವಾದವನ್ನು ನಾನು ಟೀಚರ ಮುಂದೆಯೂ ಇಟ್ಟೆ.

"ಸರಿ. ಕಡಬದ ಅಂಗಡಿಯಲ್ಲಿ ವ್ಯಾಖ್ಯಾನ ಮಾಡು," ಎಂದರು, ಮಾವನ ಕರಾರು ಗೊತ್ತಿದ್ದ ಅವರು.

ನನ್ನ ಪಕ್ಕದ ಬೆಂಚಿನಲ್ಲಿ ಕೊಲ್ಲಮೊಗ್ರಿನ ಹರ್ಷಿತಾ ಕೂರುತ್ತಿದ್ದಳು. ಮನೆಯಲ್ಲಿ ಸುಳ್ಯ ಕಡೆಯ ಗೌಡರಾಡುವ ಅರೆಭಾಷೆ, ನಮ್ಮೊಡನೆ ಕನ್ನಡ, ಎರಡರಲ್ಲೂ ಉಳಿತಾಯ. ನಾನು ಮುದುಕನ ಬೇಲಿ ಅಳೆದು ಮುಗಿಸುವಷ್ಟರಲ್ಲಿ ಅವಳು ಎಲ್ಲ ಪ್ರಶ್ನೆಗಳಿಗೂ ಸರಿಯುತ್ತರ ಗುರುತಿಸಿ ಕಿಟಕಿಯ ಹೊರಗೆ ನೋಡುತ್ತ ಕೂತಿರುತ್ತಿದ್ದಳು. "ಗುಟ್ಟು ಎಂತ?" ಎಂದು ಕೇಳಿದೆ.

"ನಾನು ಓದುದು. ನೀನು ನಾಟಕ ಮಾಡುದು," ಎಂದಳು. ನನ್ನ ಮುಖ ನೋಡಿ ಪಾಪ ಕಂಡಿತೋ ಏನೋ, "ಬಾಯಲ್ಲಿ ನೀರು ತುಂಬಿಸ್ಕೊಂಡು ಓದು ಮಾರಾಯ. ಮುಗಿಯುವವರೆಗೆ ನುಂಗ್ಬೇಡ" ಎಂದಳು.

ಅವಳು ತಮಾಷೆಗೆ ಹೇಳಿದ್ದು. ಕೇಳಿಸಿಕೊಂಡ ಟೀಚರು ಅದನ್ನೇ ಕಾನೂನು ಮಾಡಿದರು. ಅಂದಿನಿಂದ ನಾನು ಕೆನ್ನೆ ಉಬ್ಬಿಸಿಕೊಂಡು, ಕಪ್ಪೆಯಂತೆ ಕಣ್ಣು ಬಿಟ್ಟು, ಜಗತ್ತಿನ ನಾನಾ ವಿಷಯಗಳನ್ನು ಓದಿದೆ. ಮೊದಲ ವಾರ ಭಯಂಕರ. ಹೊರಗೆ ಬರಲಾಗದ ದನಿಗಳೆಲ್ಲ ತಲೆಯೊಳಗೆ ಸೀಟಿಗಾಗಿ ನೂಕಾಡುತ್ತಿದ್ದವು. ಜೇನುಹುಳಗಳ ಕುರಿತ ಪ್ಯಾಸೇಜಿನಲ್ಲಿ ರಾಣಿಹುಳ ಏಕಾಏಕಿ ನಮ್ಮ ವಾರಿಜಾ ಟೀಚರ ದನಿಯಲ್ಲಿ, "ಇದು ಗೂಡಿನಲ್ಲಿ ಉಂಟಾ?" ಎಂದು ಕೇಳಿತು. ನನ್ನ ನಗು ತಡೆಯಲಿಲ್ಲ. ಬಾಯಲ್ಲಿದ್ದ ನೀರೂ ತಡೆಯಲಿಲ್ಲ. ಹರ್ಷಿತಾಳ ಪುಸ್ತಕ, ಚೂಡಿದಾರ, ಎದುರಿನವನ ಬೆನ್ನು ಎಲ್ಲವೂ ತಂಪಾದವು.

"ಕಾರಣ ಹೇಳು," ಎಂದರು ಟೀಚರು. ಹೇಳುವ ಬದಲು ಮಾಡಿಯೇ ತೋರಿಸಿದೆ. ಟೀಚರು ಸಿಟ್ಟು ಮಾಡಲಿಲ್ಲ. "ನನ್ನ ದನಿ ಇಷ್ಟು ಸಪೂರ ಇಲ್ಲ. ಕಲಿಯುದಾದ್ರೆ ಸರಿಯಾಗಿ ಕಲಿ" ಎಂದು ತಿದ್ದಿ, ಇನ್ನೊಂದು ಪ್ಯಾಸೇಜ್ ಕೊಟ್ಟರು.

ಆದರೆ ನಿಧಾನಕ್ಕೆ ಒಂದು ವಿಚಿತ್ರ ಆಯಿತು. ದನಿಗಳು ಸುಸ್ತಾಗಿ ಕೂತ ಮೇಲೆ ವಾಕ್ಯಗಳು ಕಾಣಿಸತೊಡಗಿದವು. ಬರೆದವನು ಪಾಪ, ಎಷ್ಟೋ ಕಷ್ಟಪಟ್ಟು ಒಂದು ಸಂಗತಿ ಹೇಳುತ್ತಿದ್ದಾನೆ. ನಾನು ಇಷ್ಟು ದಿನ ಅವನ ಮಾತಿನ ಮಧ್ಯೆ ಬಾಯಿ ಹಾಕುತ್ತಿದ್ದೆ.

ಪರೀಕ್ಷೆಯ ದಿನ ಕೊನೆಯ ಪ್ಯಾಸೇಜಿನಲ್ಲಿ ಒಬ್ಬಳು ಹೆಂಗಸು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದಳು. ಅವಳು ಯಾರಿಗಾಗಿ ಕಾಯುತ್ತಿದ್ದಾಳೆ? ನನಗೆ ಗೊತ್ತಿತ್ತು. ಸಂಪೂರ್ಣ ಗೊತ್ತಿತ್ತು. ಗಂಡನ ಹೆಸರು, ಅವನು ತಪ್ಪಿಸಿಕೊಂಡ ಬಸ್ಸು, ಅವನ ಕೈಯಲ್ಲಿದ್ದ ಗಂಜಿಯ ಪಾತ್ರೆ, ಎಲ್ಲ ಕಣ್ಣಿಗೆ ಕಟ್ಟಿತ್ತು. ಎರಡು ಸಲ ಓದಿದೆ. ಎಲ್ಲಿಯೂ ಬರೆದಿರಲಿಲ್ಲ. ಹಲ್ಲು ಕಚ್ಚಿ, 'ಪ್ಯಾಸೇಜಿನಿಂದ ತಿಳಿಯುವುದಿಲ್ಲ' ಎಂಬುದಕ್ಕೆ ಗುರುತು ಹಾಕಿದೆ. ಅಷ್ಟು ಒಳ್ಳೆಯ ಕಥೆಯೊಂದನ್ನು ಯಾರೂ ಪರೀಕ್ಷೆಯ ಕೊಠಡಿಯಲ್ಲಿ ಬಿಟ್ಟು ಬಂದಿರಲಾರರು.

ಫಲಿತಾಂಶ ಬಂದಾಗ ನಾನು ತೋಟದ ಬದಿಯಲ್ಲಿ, ನೆಟ್‌ವರ್ಕ್ ಸಿಗುವ ಒಂದೇ ಬಂಡೆಯ ಮೇಲೆ ನಿಂತಿದ್ದೆ. ಪಾಸು, ಸೀಟು ಸಿಗುವಷ್ಟು ಪಾಸು. ಓಡಿಬಂದು ಅಂಗಳದಲ್ಲೇ ಕೂಗಿದೆ, ಅದೂ ನಾಲ್ಕೈದು ದನಿಗಳಲ್ಲಿ, ಕೊನೆಗೆ ಕೆಮ್ಮುತ್ತ ನನ್ನದೇ ದನಿಯಲ್ಲಿ. ಅಮ್ಮ ನಗುತ್ತ ಅತ್ತಳು. ಅಪ್ಪ, "ಹ್ಞೂಂ. ಕಾಲು ತೊಳೆದು ಒಳಗೆ ಬಾ" ಎಂದರು.

ಇಷ್ಟೇನಾ ಎಂದುಕೊಂಡೆ. ಸ್ನಾನ ಮುಗಿಸಿ ಬರುವಾಗ ಹಿಂದಿನ ಜಗಲಿಯಿಂದ ನನ್ನದೇ ದನಿ ಕೇಳಿಸಿತು. ನಾನು ಇಲ್ಲಿದ್ದೇನೆ, ಅಲ್ಲಿ ಯಾರು? ಇಣುಕಿದರೆ ಅಪ್ಪ, ಫೋನಿನಲ್ಲಿ ಮಾವನೊಡನೆ. "ನಿಮ್ಮ ಅಂಗಡಿಗೆ ಬೇರೆ ಜನ ನೋಡಿ ಬಾವ," ಎಂದವರು, ಎದ್ದು ನಿಂತು, ಕೈ ಬೀಸಿ, ನಾನು ಅಂಗಳದಲ್ಲಿ ಕೂಗಿದ್ದನ್ನು ಕೂಗಿ ತೋರಿಸುತ್ತಿದ್ದರು. ನಾನು ಉಸಿರು ಎಲ್ಲಿ ಎಳೆಯುತ್ತೇನೆ, ಖುಷಿಯಾದರೆ ಮಾತಿನ ಕೊನೆ ಹೇಗೆ ಏರುತ್ತದೆ, ಅಳು ಬಂದಾಗ ಅದನ್ನು ಮುಚ್ಚಲು ಹೇಗೆ ಕೆಮ್ಮುತ್ತೇನೆ, ಒಂದೂ ಬಿಟ್ಟಿರಲಿಲ್ಲ. ಆ ಕೆಮ್ಮು ಯಾರಿಗೂ ಗೊತ್ತಿಲ್ಲವೆಂದು ನಾನು ತಿಳಿದಿದ್ದೆ.

ಊರಿನವರ ದನಿ ಕದಿಯುವವನಿಗೆ ಆ ಕಸುಬಿನ ಒಳಗುಟ್ಟು ಚೆನ್ನಾಗಿ ಗೊತ್ತು: ಒಬ್ಬರ ಹಾಗೆ ಮಾತಾಡಬೇಕಾದರೆ ಅವರು ಮಾತಾಡಿದ್ದನ್ನೆಲ್ಲ ವರ್ಷಗಟ್ಟಲೆ ಕಿವಿಗೊಟ್ಟು ಕೇಳಿರಬೇಕು. ನಾನು ಬಾಗಿಲ ಮರೆಯಲ್ಲಿ ಸದ್ದಿಲ್ಲದೆ ನಿಂತೆ. ಅಪ್ಪ ಇನ್ನೂ ನನ್ನ ದನಿಯಲ್ಲೇ ಮಾತಾಡುತ್ತಿದ್ದರು, ಮತ್ತು ನಿಜ ಹೇಳಬೇಕೆಂದರೆ, ನನಗಿಂತ ಚೆನ್ನಾಗಿ.