ಅಯ್ನೋರ ಹಣೆ ಮೇಲಿನ ಹುಳು

ಅವತ್ತು ಅಯ್ನೋರ ಹಣೆಯ ಮೇಲೆ ಹರಿದದ್ದು ಹುಳು. ಶಿವನ ಮೂರನೇ ಕಣ್ಣು ಅಲ್ಲ. ನಮ್ಮೂರು ಹಂಗಳದಲ್ಲಿ ಈಗಲೂ ಕೆಲವರು ಕಣ್ಣೇ ತೆರೆದದ್ದು ಅನ್ನುತ್ತಾರೆ. ಅವರ್ಯಾರೂ ಅಲ್ಲಿರಲಿಲ್ಲ, ನಾನಿದ್ದೆ. ಗುಡಿಯ ಪೂಜೆ ಮಾಡುತ್ತಿದ್ದ ಆ ಅಯ್ನೋರು ಈಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಚಾಮರಾಜನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ನಮ್ಮೂರ ಈಶ್ವರನ ಗುಡಿಗೆ ಸೋಮವಾರದ ಹೂವು ನಮ್ಮ ಮನೆಯದು, ನನ್ನ ಅತ್ತೆಯ ಕಾಲದಿಂದಲೂ. ಅಣ್ಣತಮ್ಮಂದಿರು ಭಾಗವಾದಾಗ ಹಿರಿಮಗನ ಹೆಂಡತಿ ಅಂತ ಅದು ನನಗೆ ಬಂತು. ಗೋಡೆಯಾಚೆಯ ನನ್ನ ವಾರಗಿತ್ತಿಗೆ ಬಾವಿ ಹೋಯಿತು, ಹಸು ಹೋಯಿತು. ಆದರೂ ಅವಳ ಆಸೆಯೆಲ್ಲ ಈ ಹೂವಿನ ಮೇಲೆ. ಹೂವು ತಂದವರಿಗೆ ಮೊದಲ ತೀರ್ಥ, ಉಳಿದವರು ಹಿಂದೆ ನಿಲ್ಲಬೇಕು. ಭಕ್ತಿ ಗಿಕ್ತಿ ಆಮೇಲೆ. ಅವಳು ನನ್ನ ಹಿಂದೆ ನಿಲ್ಲುವುದು ನನಗೆ ಬೇಕಿತ್ತು.

ಅವಳು ಊಟಿಗೆ ಹೋದವಳು ನರ್ಸರಿಯಿಂದ ಒಂದು ಗುಲಾಬಿ ಗಿಡ ತಂದಳು, ಕಪ್ಪು ಮಣ್ಣಿನ ಚೀಲದ ಸಮೇತ. ಆ ಮಣ್ಣಿನಲ್ಲಿ ಜೀರಿಗೆಯಷ್ಟುದ್ದದ, ಸ್ಕ್ರೂ ಥರ ಸುತ್ತಿಕೊಂಡ, ಬೆಳ್ಳಗೆ ಹೊಳೆಯುವ ಕಾಳುಗಳಿದ್ದವು.

"ಊಟಿ ಹೂವಿನ ಬೀಜ ಕಣಕ್ಕ, ಪುಕ್ಕಟೆ ಬಂದವೆ" ಅಂದು ನನಗೂ ಒಂದು ಚಿಟಿಕೆ ಕೊಟ್ಟಳು.

ಅವಳ ಕೈಯಿಂದ ಏನಾದರೂ ಬಂದದ್ದೇ ಹೆಚ್ಚು ಅಂತ, ಸೇವಂತಿಗೆ ಪಾತಿಯ ಪಕ್ಕ ಗೀರು ಎಳೆದು ಸಾಲಾಗಿ ಬಿತ್ತಿದೆ. ಬೆಳಗ್ಗೆ ಸಂಜೆ ನೀರು ಚಿಮುಕಿಸಿದೆ. ಬಿಸಿಲು ತಾಗದಂತೆ ತೆಂಗಿನ ಗರಿ ಮುಚ್ಚಿದೆ. ಒಂದೂ ಮೊಳೆಯಲಿಲ್ಲ. ಆದರೆ ಕಾಳು ಹೆಚ್ಚಾದವು. ಬಿತ್ತಿದ ಕಡೆ ಬಿಟ್ಟು ಬೇರೆ ಕಡೆಯೆಲ್ಲ ಸಿಕ್ಕವು.

"ಮೊಳೀದೇನೆ ಹೆಚ್ಚೋ ಬೀಜ ಎಲ್ಲಾರ ನೋಡಿದ್ದೀಯಮ್ಮಿ?" ಅಂದೆ.

"ಊಟಿದು ಕಣಕ್ಕ. ಅಲ್ಲಿ ಎಲ್ಲಾ ಬೇರೆ ಥರ."

ಸೋಮವಾರ ಅಯ್ನೋರು ನನ್ನ ಬುಟ್ಟಿಯ ಸೇವಂತಿಗೆ ಎತ್ತಿದರೆ ಅದರಿಂದ ಒಂದು ಕಾಳು ಉದುರಿ ಲಿಂಗದ ಪೀಠಕ್ಕೆ ಅಂಟಿತು. ಬಗ್ಗಿ ನೋಡಿದರು.

"ಇದೇನವ್ವ?"

"ಬೀಜ."

"ಬೀಜವಾದ್ರೆ ಸರಿ. ಪ್ರಾಣಿಗೀಣಿಯಾದ್ರೆ ಸ್ವಾಮಿ ಮೇಲೆ ಹಾಕಕಾಯ್ತದಾ? ಬರೋ ಸೋಮವಾರದೊಳಗೆ ಏನೂಂತ ತಿಳ್ಕಂಡು ಬಾ. ಪ್ರಾಣಿಯಾದ್ರೆ ಹೂವ ಪಕ್ಕದ ಮನೆಯೋರು ತರ್ಲಿ."

"ನಂದೇನದೆ, ನೀವು ಹೇಳ್ದಂಗೆ" ಅಂದಳು ವಾರಗಿತ್ತಿ ಹಿಂದಿನಿಂದ. ಅವತ್ತೇ ಮಧ್ಯಾಹ್ನ ಹೊಸ ಬುಟ್ಟಿ ತೊಳೆದು ಗೋಡೆಯ ಮೇಲೆ ಒಣಗಲು ಇಟ್ಟಳು, ನನಗೆ ಕಾಣುವ ಹಾಗೆ.

ನನ್ನ ಅಳಿಯ ಚಾಮರಾಜನಗರದ ಕಾಲೇಜಿನಲ್ಲಿ ಪ್ರಾಣಿಗಳ ಪಾಠ ಹೇಳುತ್ತಿದ್ದ. ಕಾಳುಗಳನ್ನು ವಿಭೂತಿ ಡಬ್ಬಿಗೆ ಹಾಕಿಕೊಂಡೆ. ವಿಭೂತಿ ಮುಗಿದು ತಳದಲ್ಲಿ ಅಷ್ಟು ಪುಡಿ ಮಾತ್ರ ಉಳಿದಿತ್ತು. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಹೋಗಿ ಅವನ ಮುಂದೆ ಮುಚ್ಚಳ ತೆಗೆದರೆ ಒಳಗೆಲ್ಲ ನೊರೆ. ಅಳಿಯ ಒಂದನ್ನು ತೊಳೆದು ತಟ್ಟೆಯಲ್ಲಿಟ್ಟು ಭೂತಗನ್ನಡಿ ಹಿಡಿದ. ಸ್ವಲ್ಪ ಹೊತ್ತಿಗೆ ಕಾಳಿನಿಂದ ಕೊಂಬು ಬಂದವು.

"ಅತ್ತೆ, ಇದು ಬಸವನಹುಳು."

"ನಾನು ಕಾಣದ ಬಸವನಹುಳವಾ? ಇದೇನು ಮರಿಯಾ?"

"ಮರಿಯಲ್ಲ, ಬೆಳೆಯೋದೇ ಇಷ್ಟು. ನಮ್ಮ ಕಡೇದಲ್ಲ, ಹೊರದೇಶದ್ದು. ಗಿಡದ ಮಣ್ಣಿನ ಜೊತೆ ಬಂದುಬಿಡುತ್ತೆ. ಬೂದಿ ಅಂದ್ರೆ ಆಗಲ್ಲ ಇದಕ್ಕೆ, ನೊರೆ ಕಕ್ಕುತ್ತೆ."

ಪುಸ್ತಕ ತಿರುವಿ ಅದರ ಹೆಸರನ್ನೂ ಹೇಳಿದ. ಹುಳುವಿಗಿಂತ ಹೆಸರೇ ಉದ್ದವಿತ್ತು, ಗುಂಡ್ಲುಪೇಟೆ ಬರುವಷ್ಟರಲ್ಲಿ ಮರೆತೆ. ಹುಳು ಬಿತ್ತಿ ನೀರು ಹಾಕಿದವಳು ತಾಲ್ಲೂಕಿಗೆ ನಾನೊಬ್ಬಳೇ ಇರಬೇಕು ಅಂದುಕೊಂಡೆ. ಆಮೇಲೆ ವಾರಗಿತ್ತಿಯೂ ಬಿತ್ತಿದ್ದು ನೆನಪಾಗಿ ಸಮಾಧಾನವಾಯಿತು.

ಬೀಜವೇ ಅಂತ ಸುಳ್ಳು ಹೇಳಬಹುದಿತ್ತು. ಹೇಳಿದರೆ ಮುಂದಿನ ಸೋಮವಾರವೂ ಅದು ಉದುರುತ್ತದೆ. ಅದಕ್ಕೇ ಬದುಕಿದ್ದ ಒಂದನ್ನು, ಬೂದಿ ತಾಗದಿರಲಿ ಅಂತ ಒದ್ದೆ ಎಲೆಯ ಮೇಲೆ ಕೂರಿಸಿ, ಅದೇ ಡಬ್ಬಿಗೆ ಹಾಕಿಕೊಂಡು, ಬಸ್ಸಿಳಿದು ನೇರ ಗುಡಿಗೆ ಹೋದೆ. ಸಂಜೆ ಪೂಜೆ ಮುಗಿದಿತ್ತು. ಅಯ್ನೋರು ಇದ್ದರು. ನಾನು ಬರುವುದನ್ನು ಕಾಯುತ್ತಾ ವಾರಗಿತ್ತಿಯೂ ಕುಳಿತಿದ್ದಳು.

"ಅಯ್ನೋರೆ, ನೋಡಿ" ಅಂತ ಡಬ್ಬಿ ತೆರೆದು ಮುಂದೆ ಹಿಡಿದೆ.

ವಿಭೂತಿ ಡಬ್ಬಿ ಮುಂದೆ ಬಂದರೆ ಅಯ್ನೋರು ನೋಡುತ್ತಾರೆಯೇ? ಕಣ್ಣು ಮುಚ್ಚಿ, ಶಿವಶಿವಾ ಅಂದು, ಮೂರು ಬೆರಳು ಅದ್ದಿ ಹಣೆಗೆ ಎಳೆದುಕೊಂಡರು. ಒದ್ದೆ ಬೂದಿ, ಚೆನ್ನಾಗಿ ಹತ್ತಿತು. ಮೂರು ಪಟ್ಟೆಗಳ ನಡುವೆ, ಸರಿಯಾಗಿ ಹುಬ್ಬಿನ ಮಧ್ಯಕ್ಕೆ, ಹುಳು ಕುಳಿತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅದು ಕೊಂಬು ಚಾಚಿ ಹೊರಟೇಬಿಟ್ಟಿತು.

"ಅಯ್ನೋರೆ, ನಿಮ್ಮ ಹಣೆ ನಡೀತಾ ಅದೆ" ಅಂದಳು ವಾರಗಿತ್ತಿ.

"ಏನಂದೆ?"

"ಹುಳ" ಅಂದೆ ನಾನು. "ಅದ ಹೇಳಕೇ ಬಂದೆ. ಇವಳ ಊಟಿ ಗುಲಾಬಿ ಮಣ್ಣಲ್ಲಿ ಬಂದದ್ದು."

ಅಯ್ನೋರು ಕಲ್ಲಿನಂತೆ ಕುಳಿತರು. "ತೆಗೀರಿ" ಅಂದರು, ತುಟಿ ಅಲುಗಿಸದೆ.

"ಅಕ್ಕ, ನೀವೇ ತೆಗೀರಿ, ನನ್ಗೆ ಅಸಹ್ಯ."

ಬಿಲ್ವದ ಎಲೆಯ ತುದಿಯಿಂದ ನಾನೇ ತೆಗೆದೆ. ಅಯ್ನೋರು ಪಂಚೆಯಿಂದ ಹಣೆ ಒರೆಸಿದರು, ಮತ್ತೆ ಒರೆಸಿದರು.

"ಪ್ರಾಣಿ ಅಂತ ಆಯ್ತಲ್ಲ" ಅಂತ ವಾರಗಿತ್ತಿ ಶುರು ಮಾಡಿದಳು, "ಹಂಗಾದ್ರೆ ಇನ್ಮೇಲೆ ಹೂವ..."

"ಸುಮ್ಕಿರವ್ವ. ನನ್ನ ಹಣೆ ಮೇಲೇ ಓಡಾಡ್ಬುಟ್ಟದೆ, ಇನ್ನು ಹೂವಿನ ಮೇಲೆ ಕುಂತ್ರೆ ಏನಾಯ್ತದೆ? ಹೂವ ಅವರೇ ತರ್ಲಿ, ಒದರ್ಕಂಡು ತರ್ಲಿ. ಈ ಮಾತು ಗುಡಿ ದಾಟಬಾರ್ದು."

ನಾನು ದಾಟಿಸಲಿಲ್ಲ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಹುಳು ಅಂದರೆ ತನ್ನ ಗುಲಾಬಿಯ ಬುಡಕ್ಕೇ ಬರುತ್ತದಲ್ಲ, ಅದಕ್ಕೇ ಊಟದ ಹೊತ್ತಿಗೆಲ್ಲ ಮೂರನೇ ಕಣ್ಣು ಅಂತ ಕೇರಿಗೆ ಹಂಚಿಬಿಟ್ಟಿದ್ದಳು.

ಮಾರನೇ ದಿನ ಬೆಳಗ್ಗೆ ನೀರೊಲೆಯ ಬೂದಿಯನ್ನೆಲ್ಲ ಮೊರಕ್ಕೆ ಬಳಿದು ಸೇವಂತಿಗೆ ಪಾತಿಯ ಸುತ್ತ ಸುರಿದೆ. ಮಿಕ್ಕದ್ದನ್ನು ಗೋಡೆಯಾಚೆ ಅವಳ ಗುಲಾಬಿಯ ಕಡೆ ಎರಚಿದೆ. ಅವಳು ಅಲ್ಲೇ ಬಗ್ಗಿ ಬಟ್ಟೆ ಒಗೆಯುತ್ತಿದ್ದಳು. ಗುಲಾಬಿಗಿಂತ ಅವಳ ತಲೆಗೇ ಜಾಸ್ತಿ ಬಿತ್ತು.